ಕೊನೆಯ ಸಾಲಿನ ಹಕ್ಕಿ

ಸಾರಿದೆರೆ, ಮುತ್
14 ನವೆಂಬರ್ 1981

ಪ್ರೀತಿಯ ತಂಗಿ ಹುರು,

ಮೊದಲು ನಿನ್ನ ಎರಡೂ ಕಣ್ಣಿಗೆ ಮುತ್ತು. ನಿನ್ನ ಯಜಮಾನರಿಗೆ ನನ್ನ ಸಲಾಮು ತಿಳಿಸು, ಮಕ್ಕಳ ಕೆನ್ನೆ ಹಿಂಡಿ ದೊಡ್ಡಮ್ಮ ನೆನೆಸಿಕೊಂಡಳು ಎಂದು ಹೇಳು. ನಮ್ಮ ಸಮಾಚಾರ ಕೇಳುವುದಾದರೆ, ದೇವರ ದಯೆಯಿಂದ ನಾನೂ ನಿನ್ನ ಭಾವನೂ ಎದ್ದು ಓಡಾಡಿಕೊಂಡಿದ್ದೇವೆ. ಬಕ್ರೀದಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಆಡುಗಳನ್ನು ಗುಡ್ಡದಿಂದ ಇಳಿಸಿದ್ದಾಯಿತು, ಅಕ್ರೋಟ ಬಡಿದದ್ದಾಯಿತು, ಸಾರಿಗೆಂದು ಮೊಸರು, ಗೋಧಿ ಕಲಸಿದ ತರ್ಹಾನಾ ಒಣಗಿಸುವಾಗ ಮಳೆ ಬಂದು ಎರಡು ಸಲ ಒಳಗೆ ಹೊರಗೆ ಎಳೆದಾಡಿದ್ದಾಯಿತು. ಇದೆಲ್ಲ ನಿಜ. ಆದರೂ ಬರೆಯದಿದ್ದಕ್ಕೆ ಕಾರಣ ಇದಲ್ಲ. ನಾನು ದಿನಾ ಮಲಗುವ ಮುಂಚೆ ಎರಡು ಸಾಲು ಬರೆದಿಡುವುದು ನಿನಗೆ ಗೊತ್ತು, ನೀನೇ ನನ್ನನ್ನು ನೋಡಿ ನಗುತ್ತಿದ್ದೆ. ಆ ದಿನ ಮಾತ್ರ ‘ಲಾರಿ ಬಂತು, ಹೋಯಿತು’ ಎಂದಷ್ಟೇ ಬರೆದೆ. ಮುಂದಕ್ಕೆ ಕೈ ಓಡಲಿಲ್ಲ.

ನಿನ್ನ ಜಮಖಾನವನ್ನು ಟಾರ್ಸಸ್‌ನ ಬಿಸಿಲಿಗೆ ಹಾಕಿದ್ದೆ, ಅಂಚಿನ ಕೆಂಪು ಇನ್ನೂ ಹಾಗೇ ಇದೆ ಎಂದು ಬರೆದಿದ್ದೀಯ. ಹಾಗೇ ಇರುತ್ತದೆ. ಅದು ಅಮ್ಮ ಬೇಯಿಸಿದ ಮಂಜಿಷ್ಠದ ಬಣ್ಣ. ಆದರೆ ತುಂಬ ಹೊತ್ತು ಬಿಸಿಲಲ್ಲಿ ಬಿಡಬೇಡ, ಅಂಗಡಿಯ ಸೋಪಿನ ಪುಡಿಯನ್ನಂತೂ ಮುಟ್ಟಿಸಲೇಬೇಡ.

ಈಗ ಲಾರಿಯ ವಿಷಯ.

ನಮ್ಮ ಮಸೀದಿಗೆ ಹೊಸ ರತ್ನಗಂಬಳಿ ಬಂತು. ಗೋಡೆಯಿಂದ ಗೋಡೆಗೆ ಒಂದೇ ಹಸಿರು, ಮಿಷನ್ನಿನಲ್ಲಿ ಮಾಡಿದ್ದು. ಕೊನ್ಯಾದಿಂದ ನೆಜಾತಿ ಎಂಬ ವ್ಯಾಪಾರಿ ಬಂದು ಊರಿನ ಮುಖಂಡ, ಮುಖ್ತಾರ ರೆಮ್ಜಿಯ ಹತ್ತಿರ ಮಾತಾಡಿ ಹೋಗಿದ್ದನಂತೆ. ಅವನು ಹೊಸದನ್ನು ಹಾಸಿಕೊಡುವುದು, ನಾವು ನೆಲದ ಮೇಲಿನ ಹಳೆಯದನ್ನೆಲ್ಲ ಕೊಡುವುದು. ಗಂಡಸರಿಗೆ ಖುಷಿಯೋ ಖುಷಿ. ಮುದುಕರ ಮಂಡಿಗೆ ಮೆತ್ತಗಾಗುತ್ತದೆ, ಹುಳದ ಕಾಟವಿಲ್ಲ, ಗುಡಿಸುವುದೂ ಸುಲಭ. ಅವರದು ತಪ್ಪು ಎಂದು ನಾನು ಹೇಳಲಾರೆ. ಚಳಿಗಾಲದಲ್ಲಿ ಆ ಕಲ್ಲುನೆಲದ ಮೇಲೆ ಐದು ಹೊತ್ತು ಮಂಡಿಯೂರುವವರು ಅವರೇ ತಾನೆ.

ಆದರೆ ಆ ನೆಲದ ಮೇಲೆ ಇದ್ದದ್ದು ಯಾರು ಯಾರು, ಹುರು? ನಮ್ಮೂರಿನಲ್ಲಿ ಸತ್ತವರ ಮೇಲೆ ಹೊದಿಸಿ ಒಯ್ದ ಜಮಖಾನ ಮತ್ತೆ ಮನೆಯ ಹೊಸಿಲು ದಾಟುವುದಿಲ್ಲ. ಅದು ದೇವರ ಪಾಲು. ಅಜ್ಜಿಯದು ಅಲ್ಲಿತ್ತು, ಅಪ್ಪನದು ಅಲ್ಲಿತ್ತು, ಅಮ್ಮನದು ಅಲ್ಲಿತ್ತು. ನನ್ನ ಮಗಳು ಗುಲ್‌ದಾನೆಯದೂ ಅಲ್ಲಿತ್ತು. ಮದುವೆಗೆಂದು ಅವಳು ನೇಯುತ್ತಿದ್ದ ಆ ಅರ್ಧ ಜಮಖಾನ. ಜ್ವರ ಬಂದು ಮೂರನೇ ಬೆಳಿಗ್ಗೆ ಅವಳು ಹೋದಾಗ, ಅವಳ ಮೇಲೆ ಅವಳದಲ್ಲದೆ ಬೇರೆಯವರದು ಬೇಡ ಎಂದು ಅಮ್ಮನೇ ಮಗ್ಗದ ಮುಂದೆ ಕೂತು ಚಾಕು ಹಾಕಿದಳು. ಹಾಸುನೂಲು ತುಂಡಾಗುವ ಸದ್ದು ನಿನಗೂ ಕೇಳಿಸಿರಬೇಕು, ನೀನು ಬೇಸಿಗೆಯ ಗುಡ್ಡದ ಡೇರೆಯ ಬಾಗಿಲಲ್ಲೇ ಇದ್ದೆ. ಅಮ್ಮ ಅಳುತ್ತ ಅಳುತ್ತ ತುದಿಗಳಿಗೆ ಜೋಡಿಗಂಟು ಹಾಕಿದಳು. ಅದು ಮಗುವನ್ನು ಎದೆಯಿಂದ ಮಂಡಿಯವರೆಗೆ ಮಾತ್ರ ಮುಚ್ಚಿತು.

ಲಾರಿ ಬಂದ ದಿನ ಹೆಂಗಸರೆಲ್ಲ ಮಸೀದಿಯ ಅಂಗಳದಲ್ಲಿ ಸೇರಿದೆವು. ಗಂಡಸರು ಒಳಗಿಂದ ಒಂದೊಂದಾಗಿ ಎಳೆದು ತಂದು ಗೋಡೆಯ ಮೇಲೆ ಹಾಕಿ ಬಡಿಯುತ್ತಿದ್ದರು. ಹುರು, ಆ ಬಣ್ಣಗಳನ್ನು ನೋಡಬೇಕಿತ್ತು! ಒಳಗೆ ಕತ್ತಲಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಬಿಸಿಲಿಗೆ ಬಂದ ಕೂಡಲೇ ಎಲ್ಲರೂ ಎದ್ದು ಕೂತ ಹಾಗೆ ಕಂಡಿತು. ‘ಅಯ್ಯೋ, ಇದು ನಮ್ಮತ್ತೆ!’ ‘ಇದು ನಮ್ಮ ಸಾತಿ ಅಕ್ಕ, ನೋಡು, ಅವಳು ನೇಯ್ದ ತೋಳದ ಬಾಯಿಯ ಚಿತ್ತಾರ ಯಾವಾಗಲೂ ಸೊಟ್ಟ!’ ಎಂದು ಹೆಂಗಸರು ನಗುವುದು, ಅಳುವುದು ಎಲ್ಲ ಒಟ್ಟಿಗೆ ನಡೆದಿತ್ತು.

ಕೆಜ್ಬಾನ್ ಅಜ್ಜಿಯನ್ನು ಇಬ್ಬರು ಹಿಡಿದು ತಂದು ಕೂರಿಸಿದ್ದರು. ಅವಳಿಗೆ ಈಗ ಕಣ್ಣು ಮಂಜು, ಬಾಯಿ ಮಾತ್ರ ಹಾಗೇ ಇದೆ.

“ನೆಜಾತಿ ಮಗಾ, ನಮ್ಮತ್ತೇದನ್ನ ಮೊದ್ಲು ಹಾಕ್ಕೋ ಲಾರಿಗೆ. ಬದುಕಿರೋವರೆಗೂ ನನ್ನ ಬಿಟ್ಟು ಎಲ್ಲೂ ಕದಲಲಿಲ್ಲ ಮಹಾರಾಯ್ತಿ. ಈಗ್ಲಾದ್ರೂ ಹೋಗಿ ಇಸ್ತಾಂಬುಲ್ ನೋಡ್ಲಿ.”

ನೆಜಾತಿ ಒಳ್ಳೆಯವನೇ. ನಗುತ್ತ ಅವಳ ಕೈಗೆ ಮುತ್ತಿಟ್ಟ. ಅವಳ ಅತ್ತೆಯ ಜಮಖಾನದಲ್ಲಿ ಸೊಂಟದ ಮೇಲೆ ಕೈ ಇಟ್ಟ ಹೆಂಗಸಿನ ಚಿತ್ತಾರವಿತ್ತಲ್ಲ, ಅದರ ಮೇಲೆ ಬೆರಳಾಡಿಸಿ, “ಅಜ್ಜಿ, ಇದು ಸಾವಿರಾರು ವರ್ಷದ ಹಿಂದಿನ ತಾಯಿದೇವರು ಅಂತ ಹೊರದೇಶದವರು ಹೇಳ್ತಾರೆ, ಗೊತ್ತಾ?” ಎಂದ.

“ದೇವರು ಎಲ್ಲಿಂದ ಬಂತು? ಅದು ಬಸುರಿ ಹೆಂಗಸು ಸೊಂಟಕ್ಕೆ ಕೈ ಇಟ್ಕೊಂಡು ಗಂಡನಿಗೆ ಬೈತಿರೋದು. ಪಕ್ಕದಲ್ಲಿ ಬಾಚಣಿಗೆ ಇದ್ಯಾ ನೋಡು.”

“ಇದೆ.”

“ಅದು ಮದುವೆಗೆ. ಮೊದ್ಲು ಬಾಚಣಿಗೆ, ಆಮೇಲೆ ಸೊಂಟಕ್ಕೆ ಕೈ. ಸುತ್ತ ತೋಳದ ಬಾಯಿ ಹಾಕಿದ್ರೆ ತೋಳ ಹತ್ರ ಬರಲ್ಲ. ಹಕ್ಕಿ ಹಾಕಿದ್ರೆ ಯಾರೋ ದೂರ ಇದ್ದಾರೆ, ಸುದ್ದಿ ಬರ್ಲಿ ಅಂತ. ಅಷ್ಟೇ. ನೀನು ಅವರಿಗೆ ಏನು ಬೇಕಾದ್ರೂ ಹೇಳ್ಕೋ, ನಿನ್ನ ಹೊಟ್ಟೆಪಾಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕಣ್ಣು ಬಾಗಿಲಲ್ಲೇ ಇತ್ತು. ಎಲ್ಲರದೂ ಬಂತು, ನನ್ನ ಮಗುವಿನದು ಬರಲಿಲ್ಲ. ಕೊನೆಗೆ ತಡೆಯಲಾರದೆ ನೆಜಾತಿಯ ಹತ್ತಿರ ಹೋದೆ.

“ತಮ್ಮಾ, ಒಂದು ಅರ್ಧ ಜಮಖಾನ ಇರಬೇಕು. ಅದನ್ನ ಏನು ಮಾಡ್ತೀಯ?”

“ಅರ್ಧದ್ದಾ ಚಿಕ್ಕಮ್ಮ? ಅರ್ಧ ಆದ್ರೆ ನೆಲಕ್ಕೆ ಯಾರೂ ಕೊಳ್ಳಲ್ಲ. ಕತ್ತರಿಸಿ ದಿಂಬಿನ ಚೀಲ ಹೊಲಿಸ್ತೀವಿ. ಒಂದರಲ್ಲಿ ನಾಲ್ಕು ಆಗುತ್ತೆ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಅಮ್ಮನ ಚಾಕು ಒಂದು ಸಲ ಸಾಲದೇ?

ಮುಖ್ತಾರನ ಹತ್ತಿರ ಹೋಗಿ, “ರೆಮ್ಜಿ, ಗುಲ್‌ದಾನೇದನ್ನ ಕೊಡಬೇಡ” ಎಂದೆ. ಅವನಿಗೂ ಕಷ್ಟವಾಯಿತು. ಟೊಪ್ಪಿ ತೆಗೆದ, ಮತ್ತೆ ಹಾಕಿಕೊಂಡ.

“ಜೋಹ್ರಕ್ಕಾ, ಒಬ್ಬರಿಗೆ ಹಿಂದಕ್ಕೆ ಕೊಟ್ಟರೆ ಎಲ್ಲರೂ ಕೇಳ್ತಾರೆ. ದೇವರಿಗೆ ಕೊಟ್ಟಿದ್ದನ್ನ ಮನೆಗೆ ಹೇಗೆ ಕಳಿಸಲಿ? ನೀನೇ ಹೇಳು.”

“ದೇವರಿಗೆ ಕೊಟ್ಟಿದ್ದನ್ನ ಲಾರಿಗೆ ಹೇಗೆ ಕಳಿಸ್ತೀಯ?”

“ಅದು ಬದಲಿಗೆ ಬದಲು. ಒಂದು ಹೋಗುತ್ತೆ, ಇನ್ನೊಂದು ಬರುತ್ತೆ. ಮಸೀದಿಗೆ ನಷ್ಟ ಇಲ್ಲ. ಇಮಾಮರನ್ನ ಕೇಳು ಬೇಕಾದ್ರೆ.”

ಇಮಾಮರು ಹೊಸಬರು, ತುಂಬ ಚಿಕ್ಕ ವಯಸ್ಸು, ನನ್ನ ಮುಖ ನೋಡಲಾರದೆ ರೆಮ್ಜಿಯ ಮಾತಿಗೆ ಹೌದೆಂದು ತಲೆಯಾಡಿಸಿದರು. ಆಗ ನನಗೆ ದಾರಿ ಹೊಳೆಯಿತು. ಬದಲಿಗೆ ಬದಲು ಎಂದರೆ ನಾನೂ ಕೊಡಬಹುದಲ್ಲ!

ಮನೆಗೆ ಓಡಿದೆ. ನಿನ್ನ ಭಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ಹಾಸಿಗೆಯ ಒಟ್ಟಿಲನ್ನು ಇಳಿಸತೊಡಗಿದೆ. ಎಲ್ಲಕ್ಕಿಂತ ಕೆಳಗೆ, ಅಕ್ರೋಟದ ಎಲೆ ಸುತ್ತಿ ಇಟ್ಟದ್ದು ನನ್ನದು. ಅಮ್ಮನೂ ನಾನೂ ಸೇರಿ ನೇಯ್ದದ್ದು, ನಾನು ಸತ್ತ ದಿನ ಜನಾಜಾಕ್ಕೆ ಹೊದಿಸಲೆಂದು ತೆಗೆದಿಟ್ಟದ್ದು. ಭಾವ ಬಾಗಿಲಿಗೆ ಬಂದು ನಿಂತರು. ನಾನು ಏನು ಮಾಡುತ್ತಿದ್ದೇನೆ ಎಂದು ಅವರಿಗೆ ಹೇಳಬೇಕಾಗಲಿಲ್ಲ.

“ನಾಳೆ ನೀನು ಯಾವುದರಲ್ಲಿ ಹೋಗ್ತೀಯ?” ಎಂದರು.

“ಅವಳದರಲ್ಲೇ.”

“ಅದು ನಿನಗೆ ಸಾಲಲ್ಲ ಕಣೇ. ಕಾಲು ಹೊರಗೇ ಉಳಿಯುತ್ತೆ.”

“ಆವಾಗ ನನ್ನ ಕಾಲಿಗೆ ಚಳಿ ಆಗುತ್ತಾ?”

ಅವರು ಕೈಯ ಹಗ್ಗ ಕೆಳಗಿಟ್ಟರು. ಬಂದು ತಾವೇ ಅದನ್ನು ಹೆಗಲಿಗೆ ಹಾಕಿಕೊಂಡು ನನಗಿಂತ ಮುಂದೆ ನಡೆದರು. ಇಷ್ಟು ವರ್ಷದಲ್ಲಿ ಅವರು ಅವಳ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ, ಹುರು. ಆ ದಿನವೂ ಎತ್ತಲಿಲ್ಲ. ಹೆಗಲ ಮೇಲೆ ಹೊತ್ತು ನಡೆದರು, ಅಷ್ಟೇ.

ನೆಜಾತಿ ನನ್ನದನ್ನು ಬಿಚ್ಚಿ, ಮಗುಚಿ ಹಿಂಬದಿಯ ಗಂಟುಗಳನ್ನೂ ನೋಡಿದ. “ಚಿಕ್ಕಮ್ಮ, ನಾನು ವ್ಯಾಪಾರಿ, ಹೇಳಬಾರದು. ಆದರೂ ಹೇಳ್ತೀನಿ. ನೀವು ಮೋಸ ಹೋಗ್ತಿದ್ದೀರಿ. ಇಡೀದು ಕೊಟ್ಟು ಅರ್ಧ ತಗೋತೀರಾ?”

“ಅದರ ಇನ್ನರ್ಧ ನನ್ನ ಹತ್ರಾನೇ ಇದೆ ತಮ್ಮಾ. ಕೊಡು.”

“ತುಂಡಾದವು ಬೇರೇನೂ ಇವೆ. ಯಾವುದು ಅಂತ ಹೇಗೆ ಗುರುತು ಹಿಡೀಲಿ?”

ಆಗ ನಾನು ಹೇಳಿದೆ. ನಿನಗೆ ಗೊತ್ತು, ಊರಿಗೆಲ್ಲ ಗೊತ್ತು, ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತಿದ್ದೆ. “ಕೊನೆಯ ಸಾಲಲ್ಲಿ ಒಂದು ಹಕ್ಕಿ ಇದೆ. ಒಂದೇ ರೆಕ್ಕೆ. ಇನ್ನೊಂದು ನೇಯೋಕೆ ಮುಂಚೇನೇ ಮಗು ಹೋಯ್ತು.”

ಲಾರಿಗೆ ಹಾಕಿದ್ದನ್ನೆಲ್ಲ ಇಳಿಸಿದರು. ಒಂದೊಂದನ್ನೂ ಬಿಚ್ಚಿದರು. ಒಂಟಿ ರೆಕ್ಕೆಯ ಹಕ್ಕಿ ಎಲ್ಲೂ ಇಲ್ಲ. ಹೆಂಗಸರೂ ಹುಡುಕಿದರು, ಬೈಯಬೇಕಾದವರು ಬೈಯಲಿಲ್ಲ, ಒಬ್ಬರಾದರೂ ‘ಸಾಕು ಬಿಡು’ ಎನ್ನಲಿಲ್ಲ. ಮೊದಲೇ ಯಾರೋ ಒಯ್ದಿರಬೇಕು, ಎಲ್ಲೋ ಯಾರದೋ ದಿಂಬಾಗಿರಬೇಕು ಎಂದುಕೊಂಡು ನಾನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಇಮಾಮರು ಒಳಗಿಂದ ಒಂದು ಸುರುಳಿ ಹಿಡಿದುಕೊಂಡು ಬಂದರು. ಪ್ರವಚನದ ಮೆಟ್ಟಿಲು ಅಲುಗಾಡುತ್ತದೆ ಎಂದು ಹಿಂದಿನ ಇಮಾಮರು ಅದರ ಅಡಿಗೆ ಮಡಿಸಿ ಇಟ್ಟಿದ್ದರಂತೆ. ಒಂದು ತುದಿಯಲ್ಲಿ ಮೊಳದುದ್ದ ಬರಿಯ ಹಾಸುನೂಲು ಜೋತಾಡುತ್ತಿತ್ತು. ಅಮ್ಮನ ಜೋಡಿಗಂಟು. ನಾನು ದೂರದಿಂದಲೇ ಗುರುತು ಹಿಡಿದೆ.

ಓಡಿಹೋಗಿ ಸುರುಳಿ ಬಿಚ್ಚಿ ತುದಿ ನೋಡಿದೆ, ಮತ್ತೆ ಮಡಿಸಿ ಎದೆಗೆ ಅವಚಿಕೊಂಡೆ. ರೆಮ್ಜಿ, “ಹಕ್ಕಿ ಇದ್ಯಾ ಅಕ್ಕಾ?” ಎಂದು ಕೇಳಿದ. “ಹುಳ ತಿಂದಿರಬೇಕು” ಎಂದೆ. ಕೆಜ್ಬಾನ್ ಅಜ್ಜಿ, “ಉಣ್ಣೆ ಹುಳಕ್ಕೂ ರುಚಿ ಗೊತ್ತು, ಹಕ್ಕೀನೇ ಹುಡುಕಿ ತಿಂದಿದೆ ನೋಡು” ಎಂದು ಮಂಜುಗಣ್ಣು ಒರೆಸಿಕೊಂಡಳು. ಲಾರಿ ಹೋಯಿತು. ಅಜ್ಜಿ, ಅಪ್ಪ, ಅಮ್ಮ, ಎಲ್ಲರೂ ಹೋದರು. ನಾನು ಅಡ್ಡ ಹೋಗಲಿಲ್ಲ. ನನ್ನ ಹತ್ತಿರ ಕೊಡಲು ಇದ್ದದ್ದು ಒಂದೇ.

ಆದ್ದರಿಂದ ನಿನಗೊಂದು ಮಾತು ಹೇಳಿಡುತ್ತೇನೆ. ನಾನು ಹೋದ ದಿನ ನೀನು ಟಾರ್ಸಸ್‌ನಿಂದ ಬರುವುದು ತಡವಾದರೂ ಸರಿ, ಇಲ್ಲಿಯವರು ಸಂಕೋಚಪಟ್ಟು ಬೇರೆ ಯಾವುದನ್ನೋ ಹೊದಿಸದ ಹಾಗೆ ನೋಡಿಕೊ. ಅದನ್ನೇ ಹೊದಿಸಲಿ. ಯಾರೂ ಮಿಕ್ಕ ಅರ್ಧ ನೇಯ್ದು ಸೇರಿಸುವುದು ಬೇಡ. ಆಮೇಲೆ ಅದು ಮತ್ತೆ ಮಸೀದಿಗೆ ಹೋಗಲಿ. ದೇವರದನ್ನು ನಾನು ಸ್ವಲ್ಪ ಕಾಲ ಕೇಳಿ ತಂದಿದ್ದೇನೆ, ಅಷ್ಟೇ.

ಮುತ್‌ನಿಂದ ಬರುವ ಬಸ್ಸಿನಲ್ಲಿ ತರ್ಹಾನಾ, ಅಕ್ರೋಟ ಕಳಿಸಿದ್ದೇನೆ. ಚಿಕ್ಕ ಚೀಲದಲ್ಲಿರುವುದು ನಿನ್ನ ಅತ್ತೆಗೆ, ದೊಡ್ಡದು ನಿನಗೆ, ಅದಲು ಬದಲು ಮಾಡಿ ಒಳ್ಳೆಯವಳಾಗಲು ಹೋಗಬೇಡ. ನಿನ್ನ ಒಲೆ ಆರದಿರಲಿ, ಮಕ್ಕಳ ಮೇಲೆ ಕೆಟ್ಟ ಕಣ್ಣು ಬೀಳದಿರಲಿ, ಅವರ ಮದುವೆಯನ್ನು ನೀನು ಕಣ್ಣಾರೆ ಕಾಣುವಂತಾಗಲಿ. ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಕ್ಕ,
ಜೋಹ್ರೆ

ಹುರು, ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಹುಳ ತಿಂದಿಲ್ಲ. ಮನೆಗೆ ತಂದು ಕಿಟಕಿಯ ಬೆಳಕಿನಲ್ಲಿ ಹರಡಿ ನೋಡಿದೆ, ಅಂಗೈ ಆಡಿಸಿ ನೋಡಿದೆ, ಒಂದು ತೂತೂ ಇಲ್ಲ. ಅಲ್ಲಿ ಹಕ್ಕಿ ಯಾವತ್ತೂ ಇರಲಿಲ್ಲ. ಕೊನೆಯ ಸಾಲಿನಲ್ಲಿರುವುದು ಬಾಚಣಿಗೆ, ಹಲ್ಲು ಅರ್ಧಕ್ಕೇ ನಿಂತಿವೆ. ಹಕ್ಕಿ ಇರುವುದು ನಿನ್ನ ಜಮಖಾನದಲ್ಲಿ, ಆ ಬೇಸಿಗೆ ನೀನು ಅವಳ ಪಕ್ಕದಲ್ಲೇ ಮಗ್ಗ ಹೂಡಿ ನೇಯ್ದದ್ದರಲ್ಲಿ. ಅವಳ ಫೋಟೊ ಒಂದೂ ಇಲ್ಲ, ನಿನಗೆ ಗೊತ್ತು. ಹನ್ನೆರಡು ವರ್ಷದಿಂದ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಆ ಹಕ್ಕಿಯನ್ನು ನೇಯುವ ಅವಳ ಬೆರಳುಗಳು. ಅವು ಅವಳವಲ್ಲ, ನಿನ್ನ ಬೆರಳುಗಳು. ಅವಳು ಮದುವೆಯ ಬಾಚಣಿಗೆ ನೇಯುತ್ತಿದ್ದಳು, ನಾನು ನೆನಪಿನಲ್ಲಿ ಅವಳ ಕೈಗೆ ನಿನ್ನ ಹಕ್ಕಿಯನ್ನು ಕೊಟ್ಟು ಕೂರಿಸಿದ್ದೆ. ನನ್ನ ಮಗಳ ಕೈ ನನಗೆ ಮರೆತುಹೋಗಿದೆ. ನೀನು ಅವಳ ಎಡಗಡೆ ಕೂರುತ್ತಿದ್ದೆ. ಏನಾದರೂ ನೆನಪಿದ್ದರೆ ಬರೆ. ಆದರೆ ನಿಜವಾಗಿ ನೆನಪಿರುವುದನ್ನು ಮಾತ್ರ ಬರೆ, ನನ್ನ ಸಮಾಧಾನಕ್ಕೆಂದು ಬರೆಯಬೇಡ.