ಮಷಿನ್ ರೂಮಿನ ಕಿಂಡಿ

ಮನೆ, ಊಟದ ಮೇಜು
೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯ ಮರಿ? ಕೆಮ್ಮು ಬಿಟ್ಟಿತಾ? ಹಾಸ್ಟೆಲ್ ರೂಮಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಒಂದು ರಟ್ಟನ್ನು ನಾಲ್ಕಾಗಿ ಮಡಿಸಿ ಚಿಲಕದ ಕೆಳಗೆ ಸಿಗಿಸು, ಗಾಳಿ ನಿಲ್ಲುತ್ತದೆ. ಇಂಜಿನಿಯರಿಂಗ್‌ನಲ್ಲಿ ಎರಡೆರಡು ಪದವಿ ತೆಗೆದುಕೊಳ್ಳುವವಳಿಗೆ ಇದನ್ನೂ ನಾನೇ ಹೇಳಿಕೊಡಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಂದೆಲ್ಲ ನಾನು ಹೀಗೆ ಹೇಳಿದರೆ ನೀನೂ ನಿನ್ನಮ್ಮನೂ ಮುಖ ಮುಖ ನೋಡಿಕೊಂಡು ನಗುತ್ತಿದ್ದಿರಿ. ಈಗ ಹೇಳುವ ಯೋಗ್ಯತೆ ಬಂದಿದೆ ಅಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಅಪ್ಪ ಕಾಗದ ಬರೆದಿದ್ದಾನಲ್ಲ, ಏನು ಗ್ರಹಚಾರವೋ ಅಂತ ಹೆದರಬೇಡ. ಫೋನಿನಲ್ಲಿ ನನಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಅಂತ ನಿನಗೇ ಗೊತ್ತು. ಅಮ್ಮನ ಹತ್ತಿರ ನೀನು ಮುಕ್ಕಾಲು ಗಂಟೆ ಮಾತಾಡುತ್ತೀಯ, ನನ್ನ ಹತ್ತಿರ ಮುಕ್ಕಾಲು ನಿಮಿಷ, ಅದರಲ್ಲೂ ಅರ್ಧ ನಾನು ತಮಾಷೆ ಮಾಡಿ ಹಾಳು ಮಾಡುತ್ತೇನೆ. ಮೊನ್ನೆ ನಿನ್ನ ಘಟಿಕೋತ್ಸವದ ಆಮಂತ್ರಣ ಬಂತು. ಜೊತೆಗೊಂದು ಚೀಟಿ: 'ಅಪ್ಪಾ, ಕೆಲಸ ಇದ್ದರೆ ಪರವಾಗಿಲ್ಲ.' ಆ 'ಪರವಾಗಿಲ್ಲ' ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ನಿನ್ನ ಮೊದಲ ಪದವಿಯ ದಿನ, ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ, ಬಿಡಿಸಬೇಕು, ಬರಲಾಗುವುದಿಲ್ಲ ಅಂತ ನಾನು ಫೋನ್ ಮಾಡಿದ್ದೆನಲ್ಲ, ಆ ಸಂಜೆ ನೀನು ಹೇಳಿದೆ: 'ಲಿಫ್ಟಲ್ಲಿ ಸಿಕ್ಕಾಕ್ಕೊಂಡೋರಿಗೆಲ್ಲ ನೀನು ಸಿಗ್ತೀಯ ಅಪ್ಪಾ. ನಾನೂ ಒಂದ್ಸಲ ಸಿಕ್ಕಾಕ್ಕೋಬೇಕೇನೋ.' ನೀನು ಜಗಳವಾಡಿದ್ದರೆ ಮಾರನೇ ದಿನವೇ ಮರೆಯುತ್ತಿದ್ದೆ. ನೀನು ಮೆಲ್ಲಗೆ ಹೇಳಿದೆ, ಅದಕ್ಕೇ ಇನ್ನೂ ಚುಚ್ಚುತ್ತಿದೆ. ಆಮೇಲೆ ನೀನು ಮನೆಗೆ ಬಂದಿದ್ದೇ ಕಡಿಮೆ. ಹೊಟ್ಟೆಯ ಆಪರೇಷನ್ ಆದ ಮೇಲಂತೂ ನನ್ನನ್ನು ನೀನು ನೋಡಿದ್ದು ಫೋನಿನ ಪರದೆಯಲ್ಲಿ, ಅದೂ ಗಲ್ಲದವರೆಗೆ. ಹಾಗಾಗಿ ಗಲ್ಲದ ಕೆಳಗಿನ ಸಮಾಚಾರವನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲವೂ ಶುರುವಾದದ್ದು ಬ್ಯಾಂಕಿನ ಹಳೇ ಕಟ್ಟಡದಲ್ಲಿ. ಹೇಳಿದರೆ ನೀನು ನಗುತ್ತೀಯ ಅಂತ ಇದನ್ನು ಮುಚ್ಚಿಟ್ಟಿದ್ದೆ. ಆ ಕಟ್ಟಡದಲ್ಲಿ ಲಿಫ್ಟಿನ ಮೋಟಾರು ಇರುವ ಮಷಿನ್ ರೂಮಿಗೆ ಹೋಗಬೇಕಾದರೆ ಗೋಡೆಗೆ ಹಾಕಿದ ಕಬ್ಬಿಣದ ಏಣಿ ಹತ್ತಿ, ಚಾವಣಿಯಲ್ಲಿರುವ ಚೌಕದ ಕಿಂಡಿಯಲ್ಲಿ ತೂರಬೇಕು. ಇಪ್ಪತ್ತು ವರ್ಷ ತೂರಿದ್ದೆ. ಆ ದಿನ ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಬಂದು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಸಿಕ್ಕಿಕೊಂಡವರನ್ನು ಬಿಡಿಸುವ ಮಹಾಶಯ ತಾನೇ ಸಿಕ್ಕಿಕೊಂಡು ಮೋಟಾರಿನ ಮುಖ ನೋಡುತ್ತಿದ್ದ, ಕಾಲು ಮಾತ್ರ ಕೆಳಗೆ ಒದ್ದಾಡುತ್ತಿತ್ತು. ಕೆಳಗಿದ್ದವನು ನಮ್ಮ ಎಣ್ಣೆಡಬ್ಬಿ. ನಿನಗೆ ಜ್ಞಾಪಕ ಇರಬೇಕು, ನನ್ನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವನು, ನಿನ್ನ ಸೈಕಲ್ ಚೈನಿಗೆ ಕೇಳದೆ ಎಣ್ಣೆ ಬಿಟ್ಟು ನಿನ್ನಿಂದ ಬೈಸಿಕೊಂಡವನು. ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಹಚ್ಚುವ ಗ್ರೀಸನ್ನೆಲ್ಲ ನನ್ನ ಅಂಗಿಗೆ ಬಳಿದು, ಕಾಲು ಹಿಡಿದು ಎಳೆದು, ಒಂದು ಗಂಟೆಯ ಮೇಲೆ ನನ್ನನ್ನು ಇಳಿಸಿಕೊಂಡ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟ, ಪಾಪ, ಹೇಳಲೂ ಇಲ್ಲ. ಆದರೆ ಬ್ಯಾಂಕಿನ ಕಾವಲುಗಾರ ಎಲ್ಲವನ್ನೂ ನೋಡಿದ್ದ. ಮಾರನೇ ವಾರವೇ ಆಫೀಸಿನವರು ನನ್ನನ್ನು ಫೋನ್ ಮೇಜಿಗೆ ಹಾಕಿದರು.

ಫೋನ್ ಮೇಜು ಅಂದರೆ, ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗುಂಡಿ ಒತ್ತಿದಾಗ ಮಾತಾಡುವವನು. ಆ ಕೆಲಸದಲ್ಲಿ ನಾನು ಬಲು ಹುಷಾರಿ ಅಂತ ನಾನೇ ಹೇಳಿಕೊಳ್ಳಬೇಕು. ಅವರಿಗೆ ಮೊದಲು ಗೋಡೆಯ ಫಲಕ ಓದಿಸುತ್ತೇನೆ: ಹದಿಮೂರು ಜನ, ಎಂಟುನೂರ ಎಂಬತ್ತನಾಲ್ಕು ಕೆಜಿ. ಓದುತ್ತ ಉಸಿರು ಒಂದು ಹದಕ್ಕೆ ಬರುತ್ತದೆ. ಆಮೇಲೆ ಹೇಳುತ್ತೇನೆ: 'ಹಗ್ಗ ಐದಿವೆ ಸರ್. ಒಂದೇ ಸಾಕು ಇಡೀ ಪೆಟ್ಟಿಗೆ ಹೊರೋಕೆ. ಮಿಕ್ಕ ನಾಲ್ಕು ನಿಮ್ಮ ಧೈರ್ಯಕ್ಕೆ.' ಹೇಳಿ ಫೋನ್ ಇಟ್ಟ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಫಲಕದ ಪ್ರಕಾರ ತಲೆಗೆ ಅರವತ್ತೆಂಟು ಕೆಜಿ. ನಾನು ನೂರ ನಲವತ್ತಾರು. ಅಂದರೆ ಇಬ್ಬರು ದೊಡ್ಡವರು, ಕಂಕುಳಲ್ಲೊಂದು ಕೂಸು. ಸಕ್ಕರೆ ಕಾಯಿಲೆ ಆಗಲೇ ಬಂದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಡಿಗೆ, ಪಥ್ಯ, ಉಪವಾಸ ಎಲ್ಲ ಮಾಡಿ ಇಳಿಸಿದ್ದನ್ನು ಬಡ್ಡಿ ಸಮೇತ ಮತ್ತೆ ಹತ್ತಿಸಿಕೊಂಡಿದ್ದೆ.

ಕೊನೆಗೆ ಆಪರೇಷನ್ನೇ ದಾರಿ ಅಂತ ಸರ್ಜನ್ ಹತ್ತಿರ ಹೋದೆ. ಹೆಂಗಸು. ನಿನ್ನಷ್ಟೇ ಎತ್ತರ, ನಿನ್ನಷ್ಟೇ ದಿಟ್ಟೆ. ಅವರ ಆಸ್ಪತ್ರೆಯಲ್ಲಿ ಕಾಯುವ ಕೋಣೆಯ ಕುರ್ಚಿಗಳು ಬೆಂಚಿನಷ್ಟು ಅಗಲ, ಪಕ್ಕದಲ್ಲಿ ಕೈಗಳಿಲ್ಲ. ಯಾರೋ ನನ್ನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಸಿದ್ದು. ಅಲ್ಲಿ ಕೂತಾಗಲೇ ಅರ್ಧ ಭಯ ಹೋಯಿತು, ಮಿಕ್ಕರ್ಧ ಅವರ ಕೋಣೆಯಲ್ಲಿ ದುಪ್ಪಟ್ಟಾಯಿತು. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರಂತೆ, ಉಳಿದದ್ದು ಬಾಳೆಹಣ್ಣಿನಷ್ಟು ಗಾತ್ರ. ಬ್ರೇಕ್ ಫೇಲಾದರೆ ಏನು ಮಾಡ್ತೀರಿ ಅಂತ ನನ್ನ ಭಾಷೆಯಲ್ಲಿ ಕೇಳಿದೆ. ಅವರು ನಗಲಿಲ್ಲ. ಹೊಲಿಗೆ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ಎಷ್ಟು ಜನಕ್ಕೆ ಹಾಗಾಗುತ್ತದೆ, ಆದಾಗ ಏನು ಮಾಡುತ್ತಾರೆ ಅಂತ ಒಂದೊಂದಾಗಿ ಹೇಳಿದರು. ಕೊನೆಗೆ ಅಂದರು: 'ಹೊಟ್ಟೆ ಚಿಕ್ಕದು ಮಾಡಿ ಕೊಡ್ತೀನಿ. ತಲೆ ನಿಮ್ಮದೇ.' ಮನೆಗೆ ಬಂದು ಹದಿನೈದು ದಿನ ಯಾರಿಗೂ ಕಾಣದ ಹಾಗೆ ನಡುಗಿದೆ ಚೂಟಿ. ನೀನು ಫೋನ್ ಮಾಡಿದಾಗ, ಹಳೇ ಎಂಜಿನ್‌ಗೆ ಸರ್ವಿಸಿಂಗ್ ಅಂತ ಹಾಸ್ಯ ಮಾಡಿದವನು ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ. ನಿನ್ನನ್ನು ನೋಡದೆ ಹೋಗಿಬಿಡುತ್ತೇನೇನೋ ಅನ್ನುವುದೇ ಆ ಭಯದ ತಿರುಳು. ಆದರೂ ಪರೀಕ್ಷೆ ಬಿಟ್ಟು ಬರಬೇಡ ಅಂದವನೂ ನಾನೇ.

ಆಪರೇಷನ್ ದಿನ ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಲಿಫ್ಟಿಗೆ ತಳ್ಳಿದರು. ನೋಡಿದರೆ ನಮ್ಮದೇ ಕಂಪನಿ ಲಿಫ್ಟು, ಹನ್ನೊಂದು ವರ್ಷದ ಹಿಂದೆ ನಾನೇ ನಿಂತು ಕೂರಿಸಿದ್ದು. ಜನ್ಮದಲ್ಲಿ ಮೊದಲ ಸಲ ಲಿಫ್ಟನ್ನು ಮಲಗಿಕೊಂಡು ನೋಡಿದೆ. ಬಾಗಿಲು ಮುಚ್ಚುವಾಗ ಕಟಕ್ ಅಂತ ಒಂದು ಸದ್ದು. ನಿಲ್ಲಿ, ಬಾಗಿಲಿನ ರೋಲರ್ ಸವೆದಿದೆ, ಯಾರಾದರೂ ಬರಕೊಳ್ಳಿ ಅಂತ ನಾನು ಎದ್ದು ಕೂರಲು ಹೋದೆ. ವಾರ್ಡಿನವನು ಭುಜ ಒತ್ತಿ ಮಲಗಿಸಿ, 'ಯಜಮಾನ್ರೇ, ಇವತ್ತು ರಿಪೇರಿ ನಿಮ್ಮದು, ಲಿಫ್ಟಿಂದಲ್ಲ' ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಾಗಿಲು ಮುಚ್ಚಿಕೊಂಡ ಮೇಲೆ ಉಸಿರು ಮೇಲಕ್ಕೇ ನಿಂತಿತು. ನಿನ್ನಮ್ಮ ಪಕ್ಕದಲ್ಲಿದ್ದಳು. ಬಗ್ಗಿ ಹೇಳಿದಳು: 'ರೀ, ಫಲಕ ಓದಿ.' ಓದಿದೆ. ಹದಿಮೂರು ಜನ, ಎಂಟುನೂರ ಎಂಬತ್ತನಾಲ್ಕು. ಆಮೇಲೆ ನನ್ನ ಬೆರಳು ಹಿಡಿದು ಎಣಿಸಿದಳು: 'ಹಗ್ಗ ಐದಿವೆ. ಡಾಕ್ಟ್ರಮ್ಮ ಒಂದು, ಮಂಪರು ಕೊಡೋರು ಎರಡು, ನರ್ಸಮ್ಮ ಮೂರು, ನಾನು ನಾಲ್ಕು. ಐದನೇದು ದೂರದಲ್ಲಿದೆ, ಆದ್ರೂ ಅದೂ ಹಗ್ಗವೇ.' ಇಷ್ಟು ವರ್ಷ ನಾನು ಊಟ ಮಾಡುತ್ತ ಆಡಿದ ಆಫೀಸಿನ ಮಾತನ್ನೆಲ್ಲ ಅವಳು ಕೇಳಿಸಿಕೊಂಡಿದ್ದಾಳೆ ಅಂತ ನನಗೆ ಆವತ್ತು ಗೊತ್ತಾಯಿತು.

ಆಮೇಲಿನದು ಅಷ್ಟು ಸುಲಭವಾಗಿರಲಿಲ್ಲ. ಮಾರನೇ ದಿನವೇ ಎಬ್ಬಿಸಿ ನಡೆಸಿದರು. ನೀರನ್ನು ಔಷಧಿಯ ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಮೂರನೇ ವಾರ, ಬಿಸಿ ಬ್ರೆಡ್ಡಿನ ವಾಸನೆಗೆ ಬೇಕರಿ ಮುಂದೆ ನಿಂತು, ಯಾಕಪ್ಪಾ ಬೇಕಿತ್ತು ಈ ಉಸಾಬರಿ ಅಂತ ನನ್ನನ್ನೇ ಶಪಿಸಿಕೊಂಡೆ. ಒಂದು ದಿನ ಹಳೇ ಚಾಳಿಯಲ್ಲಿ ಗಬಗಬ ತಿಂದು ಅಡುಗೆಮನೆಯಲ್ಲೇ ವಾಂತಿ ಮಾಡಿಕೊಂಡೆ. ತಲೆಗೂದಲು ಕೈತುಂಬ ಉದುರಿತು, ಈಗ ತಿರುಗಿ ಬರುತ್ತಿದೆ. ತೋಳಿನ ಚರ್ಮ ಜೋತುಬಿದ್ದಿದೆ, ನಿನ್ನಮ್ಮ ಅದನ್ನು ಹಿಡಿದು ಅಲ್ಲಾಡಿಸಿ ನಗುತ್ತಾಳೆ. ಬದುಕಿರುವವರೆಗೆ ದಿನಾ ಮಾತ್ರೆ ನುಂಗಬೇಕು. ಹಸಿವು ಹೋದರೂ ಆಸೆ ಹೋಗಿಲ್ಲ. ಬೇಜಾರಾದರೆ ಕೈ ಈಗಲೂ ಡಬ್ಬದ ಕಡೆಗೇ ಹೋಗುತ್ತದೆ, ಆಗ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿಯುತ್ತೇನೆ. ನಾನೀಗ ಉಣ್ಣುವುದು ಯಾವುದರಲ್ಲಿ ಗೊತ್ತಾ? ನೀನು ಮಗುವಾಗಿದ್ದಾಗ ಉಣ್ಣುತ್ತಿದ್ದ ಸ್ಟೀಲ್ ಬಟ್ಟಲಿನಲ್ಲಿ. ಅಂಚಿನಲ್ಲಿ ನಿನ್ನ ಹಲ್ಲಿನ ಗುರುತು ಇನ್ನೂ ಇದೆ. ಒಂದೊಂದು ತುತ್ತನ್ನೂ ಅಗಿದು ಅಗಿದು ತಿನ್ನುತ್ತೇನೆ, ಬಟ್ಟಲು ಮುಗಿಯುವಷ್ಟರಲ್ಲಿ ನಿನ್ನಮ್ಮ ಬೀದಿಯವರ ಸುದ್ದಿಯನ್ನೆಲ್ಲ ಹೇಳಿ ಮುಗಿಸಿರುತ್ತಾಳೆ. ಒಂಬತ್ತು ತಿಂಗಳಾಯಿತು, ತೊಂಬತ್ತೇಳು ಕೆಜಿ. ಕಂಕುಳಲ್ಲಿದ್ದ ಕೂಸು ಇಳಿದುಹೋಗಿದೆ, ಇಬ್ಬರಲ್ಲಿ ಒಬ್ಬ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದ್ದಾನೆ.

ಈಗ ಹೆಮ್ಮೆಯ ವಿಷಯ ಕೇಳು. ಕಂಪನಿಯ ವೈದ್ಯರು ಸೈ ಅಂದ ಮೇಲೆ, ಕಳೆದ ವಾರ ನನ್ನನ್ನು ಮತ್ತೆ ಹೊರಗಿನ ಕೆಲಸಕ್ಕೆ ಕಳಿಸಿದರು. ಮೊದಲನೇ ದಿನವೇ ಬ್ಯಾಂಕಿನ ಕಟ್ಟಡ. ನಾನೇ ಕೇಳಿ ಹಾಕಿಸಿಕೊಂಡಿದ್ದು. ಎಣ್ಣೆಡಬ್ಬಿ ಗ್ರೀಸ್ ಡಬ್ಬದ ಮುಚ್ಚಳ ತೆಗೆದಿಟ್ಟುಕೊಂಡೇ ಏಣಿಯ ಕೆಳಗೆ ನಿಂತಿದ್ದ, ಕತ್ತೆ. ಹತ್ತಿದೆ. ತಲೆ, ಭುಜ, ಎದೆ. ಹೊಟ್ಟೆಯ ಜಾಗ ಬಂದಾಗ ಒಂದು ಕ್ಷಣ ಕಣ್ಣು ಮುಚ್ಚಿದೆ. ಎಲ್ಲೂ ಏನೂ ತಾಗಲಿಲ್ಲ. ಮೇಲೆ ಬಂದು ನೋಡಿದರೆ ಕಿಂಡಿಯ ಅಂಚಿನಲ್ಲಿ ಆವತ್ತು ನನ್ನ ಬೆಲ್ಟು ಕೆರೆದ ಗೀರು ಹಾಗೇ ಇತ್ತು. ಮೋಟಾರಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತು ಚೆನ್ನಾಗಿ ಅತ್ತೆ, ನಲ್ಲಿ ಬಿಟ್ಟುಕೊಳ್ಳದೆ. ಮತ್ತೆ ಸಿಕ್ಕಾಕ್ಕೊಂಡ್ಯೇನೋ ಅಂತ ಎಣ್ಣೆಡಬ್ಬಿ ಕೆಳಗಿನಿಂದ ಕೂಗಿದ. ಇಲ್ಲ ಕಣೋ, ಬಿಡುಗಡೆ ಆಯ್ತು ಅಂದೆ. ಇಷ್ಟು ವರ್ಷದಲ್ಲಿ ನೂರಾರು ಜನರನ್ನು ಲಿಫ್ಟಿನಿಂದ ಇಳಿಸಿದ್ದೇನೆ, ಆದರೆ ನನ್ನ ಬಗ್ಗೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಇದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು. ಆಸ್ಪತ್ರೆಯ ಲಿಫ್ಟಿನ ರೋಲರನ್ನೂ ಹೋಗಿ ಬದಲಾಯಿಸಿ ಬಂದೆ.

ಅಷ್ಟೇ ಮಗಳೇ. ಘಟಿಕೋತ್ಸವಕ್ಕೆ ಇಬ್ಬರೂ ಬರುತ್ತೇವೆ. ಎಣ್ಣೆಡಬ್ಬಿ ನಿನ್ನನ್ನು ಕೇಳಿದ, ಸೈಕಲ್ ಇದೆಯಾ ಅಂತಲೂ ಕೇಳಿದ. ನಿನ್ನಮ್ಮನ ಮುತ್ತುಗಳನ್ನು ಎಣಿಸಿ ಹಾಕಲು ಈ ಹಾಳೆಯಲ್ಲಿ ಜಾಗವಿಲ್ಲ. ನೀನು ಕಟ್ಟುವುದೆಲ್ಲ ಗಟ್ಟಿಯಾಗಿ ನಿಲ್ಲಲಿ, ನೀನೂ ನಿಲ್ಲು.

ಇಂತಿ,
ನಿನ್ನ ಅಪ್ಪ
(ಈಗ ಒಂದೂಕಾಲು ಜನ, ಚಿಲ್ಲರೆ)

ತಾ.ಕ.: ಮರೆತಿದ್ದೆ ಅಂತ ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಅಂಚೆಗೆ ಹಾಕಲು ನಿನ್ನಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಮೊದಲ ಪದವಿಯ ದಿನ ಯಾವ ಲಿಫ್ಟೂ ನಿಂತಿರಲಿಲ್ಲ ಚೂಟಿ. ನಾನು ಬಂದಿದ್ದೆ. ಹೊಸ ಅಂಗಿ ಹಾಕಿಕೊಂಡು ಘಟಿಕೋತ್ಸವದ ಹಾಲ್‌ನ ಹಿಂದಿನ ಬಾಗಿಲವರೆಗೂ ಬಂದಿದ್ದೆ. ಒಳಗೆ ನೋಡಿದರೆ ಸಾಲುಸಾಲು ಕುರ್ಚಿ, ಎಲ್ಲಕ್ಕೂ ಎರಡೂ ಪಕ್ಕ ಕಬ್ಬಿಣದ ಕೈ, ನೆಲಕ್ಕೆ ಬೋಲ್ಟ್ ಹಾಕಿದ್ದು. ನಿನ್ನಮ್ಮ ಕೈಚೀಲ ಇಟ್ಟು ನನಗೆ ಹಿಡಿದಿದ್ದ ಜಾಗವೂ ಕಾಣಿಸಿತು. ನಿನ್ನ ಗೆಳತಿಯರೆಲ್ಲರ ಎದುರಿಗೆ ಅದರಲ್ಲಿ ಕೂರಲಾಗದೆ ನಿಲ್ಲುವುದನ್ನು ನೆನೆಸಿಕೊಂಡು ಹೊರಗೆ ಹೋಗಿ ಆ ಫೋನ್ ಮಾಡಿದೆ. ಆಮೇಲೆ ಬಾಗಿಲ ಹಿಂದೆಯೇ ನಿಂತಿದ್ದೆ. ನಿನ್ನ ಹೆಸರು ಕರೆದರು, ನೀನು ವೇದಿಕೆಯ ಮೂರನೇ ಮೆಟ್ಟಿಲಲ್ಲಿ ಎಡವಿ, ಯಾರೂ ನೋಡಲಿಲ್ಲ ಅಂತ ತುಟಿ ಕಚ್ಚಿಕೊಂಡೆ. ನಾನು ನೋಡಿದೆ. ನಿನ್ನಮ್ಮನಿಗೆ ಇದನ್ನು ಹೇಳಿದ್ದು ನಿನ್ನೆ. 'ಬರೀಬೇಕಾಗಿರೋದು ಅವಳಿಗೆ' ಅಂದಳು. ಕ್ಷಮಿಸು. ಈ ಸಲವೂ ಅದೇ ಹಾಲ್ ಅಂತ ಆಮಂತ್ರಣದಲ್ಲಿದೆ. ನನಗೆ ಮೊದಲ ಸಾಲಿನಲ್ಲಿ ಜಾಗ ಹಿಡಿ, ಕೈ ಇರುವ ಕುರ್ಚಿಯೇ ಆಗಲಿ.