ತಪ್ಪಾತು ಅಂದದ್ದು ಯಾರಿಗೆ?

ವಡಗೇರಾ, ಶುಕ್ರವಾರ

ತಮ್ಮ ಮರಿಲಿಂಗಪ್ಪ, ಜೈಭೀಮ್.

ಕ್ಷೇಮ ಆಮೇಲೆ ಕೇಳುತ್ತೇನೆ. ಶಹಾಪುರದ ವೇದಿಕೆಯಲ್ಲಿ ನೀನು ಕೈಮುಗಿದು, "ಎರಡನೇ ಆಲ್ಬಂ ಭಾಳ ಗದ್ದಲ ಆತು, ತಪ್ಪಾತ್ರಿ, ಇನ್ಮ್ಯಾಲ ಮೊದಲಿನಂಗ ಹಾಡ್ತೀವಿ" ಅಂದ ವಿಡಿಯೋ ನೋಡಿದೆ. ಮೈಯೆಲ್ಲ ಉರಿಯಿತು.

ನಿಮ್ಮ ರಾಕ್ ಬ್ಯಾಂಡಿನ ಅಭಿಮಾನಿಗಳು ಎರಡು ಪಾಲಾಗಿರುವುದು ನನಗೂ ಗೊತ್ತು. ನಮ್ಮ ಶಾಲೆಯ ಮಾಸ್ತರರೇ, "ನಿಮ್ಮ ತಮ್ಮನ ಗಿಟಾರಿಗೆ ದೆವ್ವ ಬಡದೈತೇನ್ರಿ?" ಎಂದು ನಗುತ್ತಾರೆ. ನಗಲಿ.

ಕಾಲುವೆಗೆ ಮೊದಲು ನೀರು ಬಂದ ವರ್ಷ, ನಮ್ಮ ಕೇರಿಯವರು ಮುಟ್ಟಬಾರದೆಂದು ಊರ ಗೌಡ ಅವ್ವನ ಕೊಡವನ್ನು ಒದ್ದು ಒಡೆದ. ಅದನ್ನು ನೀನು ಮೊದಲ ಆಲ್ಬಮ್ಮಿನಲ್ಲಿ ಜೋಗುಳದ ಹಾಗೆ ಹಾಡಿದೆ. ಎಷ್ಟು ಇಂಪಾಗಿತ್ತೆಂದರೆ, ಆ ಗೌಡನೇ ಅದನ್ನು ತನ್ನ ಮೊಬೈಲಿನ ರಿಂಗ್‌ಟೋನ್ ಮಾಡಿಕೊಂಡ. ಅವ್ವ ಅವನ ಗದ್ದೆಯಲ್ಲಿ ಬಗ್ಗಿ ಭತ್ತ ನಾಟಿ ಮಾಡುವಾಗ, ಬದುವಿನ ಮೇಲೆ ನಿಂತ ಅವನ ಜೇಬಿನೊಳಗೆ ಅವಳ ಕೊಡ ಹಾಡುತ್ತಿತ್ತು.

ಎರಡನೆಯದರಲ್ಲಿ ಅದೇ ಹಾಡನ್ನು ಗಂಟಲು ಹರಿಯುವಂತೆ ಕೂಗಿದೆ. ಅಂದಿನಿಂದ ಗೌಡನ ಮೊಬೈಲು ಬರೀ ಟ್ರಿಣ್ ಟ್ರಿಣ್ ಅನ್ನುತ್ತದೆ. ಅಂಗಳದಲ್ಲಿ ಕೂತು ಕೇಳಿದ ಅವ್ವ, "ಅವತ್ತ ಬೈಬೇಕಂತ ಮಾಡಿದ್ದೆ, ಬಾಯಿ ಬಿಡಾಕಾಗ್ಲಿಲ್ಲ. ಇವತ್ತ ಬೈದಂಗಾತು ನೋಡು" ಅಂದಳು.

ಅದಕ್ಕೆ ನೀನು ತಪ್ಪಾತು ಅಂದೆ. ಯಾರಿಗೆ?

ಐತವಾರ ಊರಿಗೆ ಬಾ. ಅವ್ವನ ಬಿ.ಪಿ. ಗುಳಿಗೆ ಮುಗಿದಿವೆ, ತಾ. ದೊಡ್ಡ ಸ್ಪೀಕರನ್ನೂ ತಾ. ಕಾಲುವೆಯ ದಂಡೆಯಲ್ಲಿ ಆ ಗದ್ದಲದ ಹಾಡನ್ನೇ ಹಾಡು. ಮೆತ್ತಗೆ ಹಾಡುವವನಾದರೆ ಗುಳಿಗೆ ಬಸ್ಸಿನವರ ಕೈಗೆ ಕೊಟ್ಟು ಕಳಿಸು, ನೀನು ನೇರ ಗೌಡನ ಜೇಬಿಗೆ ಹೋಗು.

ಸಿಟ್ಟು ಇನ್ನೂ ಇಳಿಯದ ನಿನ್ನ ಅಕ್ಕ,
ಸುಂದ್ರಮ್ಮ