ನೀರಿನ ಬಿಗಿ

ಮನೆ, ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ದೊಡ್ಡೋನೇ,

ಸಂಜೆ ಆರು ಗಂಟೆ. ಇಡೀ ದಿನ ಹಿಂದಿನ ಕೋಣೆ ಖಾಲಿ ಮಾಡುವುದರಲ್ಲೇ ಹೋಯಿತು. ನಿನ್ನ ಬೆನ್ನುನೋವು ಹೇಗಿದೆ? ಗೋದಾಮಿನಲ್ಲಿ ಈಗಲೂ ಮೂಟೆ ಎತ್ತಿಸುತ್ತಾರೆಯೇ? ಹೊತ್ತಿಗೆ ಸರಿಯಾಗಿ ಉಣ್ಣು. ನನಗೆ ಮಂಡಿ ಹಿಡಿಯುವುದು ಬಿಟ್ಟರೆ ಬೇರೇನಿಲ್ಲ. ನಿಮ್ಮಮ್ಮ ಮಾತು ಕಡಿಮೆ ಮಾಡಿದ್ದಾಳೆ, ಅಷ್ಟೇ.

ಹಳೇ ಸಾಮಾನಿನವನನ್ನು ಅವಳೇ ಕರೆಸಿದ್ದಳು. ಟೆಂಟನ್ನು ಇಲಿ ಕಡಿದಿತ್ತು. ಕಂದೀಲಿನ ತಳ ತುಕ್ಕು ಹಿಡಿದು ಕೈಯಲ್ಲೇ ಉದುರಿತು. ಕೊಡಲಿ ಮಾತ್ರ, ಮರದ ಕಾವು ಒಂದು ಕಡೆ ಅಲಗು ಒಂದು ಕಡೆ, ಮೂರು ವರ್ಷ ಗೋಣಿಯಲ್ಲಿ ಬಿದ್ದಿದ್ದರೂ ಹರಿತ ಕಳೆದುಕೊಂಡಿರಲಿಲ್ಲ. ಅವನು ಹೆಬ್ಬೆರಳಿನಿಂದ ಅಂಚು ಮುಟ್ಟಿ ನೋಡಿ, "ಯಜಮಾನ್ರೇ, ನೀವು ಹೋದ್ಮೇಲೂ ಇದು ಇರುತ್ತೆ. ಯಾಕೆ ಕೊಡ್ತೀರಿ?" ಎಂದ. ತಮಾಷೆಗೇ ಅಂದದ್ದು. ನಿಮ್ಮಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಬಸ್ ವರ್ಕ್‌ಶಾಪಿಗೆ ಸೇರಿದ ವರ್ಷ ಕೊಂಡ ಕೊಡಲಿ ಅದು. ನಿಮ್ಮಿಬ್ಬರಿಗಿಂತ ಹಿರಿಯದು ಎಂದು ಚಿಕ್ಕೋನು ಅದನ್ನು ತಾತ ಎನ್ನುತ್ತಿದ್ದ. ಟೆಂಟು ಹಾಕಲು ಹೊರಡುವಾಗೆಲ್ಲ, "ತಾತನ್ನ ಚೀಲಕ್ಕೆ ಹಾಕ್ಕೊಂಡ್ಯಾ?" ಎಂದು ನಿನ್ನನ್ನು ಕೇಳುತ್ತಿದ್ದ. ಎರಡು ಕಾವು ನನ್ನ ಕೈಯಲ್ಲೇ ಸವೆದವು. ಮೂರನೆಯದನ್ನು ನೀನು ಮಾಡಿದೆ. ಹತ್ತು ದಿನ ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಉಜ್ಜಿ, ಅಲಗು ಕೂರಿಸಿ ತಂದು ನನ್ನೆದುರು ನಿಂತೆ. ನಾನು "ಪರವಾಗಿಲ್ಲ" ಎಂದೆ. ನನ್ನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲವೆಂದು ನಿನಗೆ ಗೊತ್ತಿತ್ತು. ಇಡೀ ದಿನ ಸಿಳ್ಳೆ ಹಾಕಿಕೊಂಡು ಓಡಾಡಿದೆ.

ಮೂರು ವರ್ಷದ ಹಿಂದೆ ನಾವು ಮೂವರು ಕೆರೆದಂಡೆಯಲ್ಲಿ ಟೆಂಟು ಹಾಕಿದ ಮರುದಿನ ಮಧ್ಯಾಹ್ನ ನೀನು ಸೌದೆ ಸೀಳುತ್ತಿದ್ದಾಗ ಅಲಗು ಕಳಚಿ ಹಾರಿತು. ಚಿಕ್ಕೋನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಪುಳ್ಳೆ ಆರಿಸುತ್ತಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ. "ನಿನ್ನ ಕೆಲಸ ನನ್ನ ಮಗೂನ ತಿಂತು" ಎಂದು ನಿಮ್ಮಮ್ಮ ನೆಂಟರೆದುರು ನಿನಗೆ ಅಂದಳು. ತಿಂಗಳು ತುಂಬುವ ಮೊದಲೇ ನೀನು ಮನೆ ಬಿಟ್ಟೆ.

ಅವಳ ಮೇಲೆ ಸಿಟ್ಟಿಟ್ಟುಕೊಳ್ಳಬೇಡ. ಎಲ್ಲಿದ್ದರೂ ನಿನ್ನ ಮೈಕೈ ಗಟ್ಟಿಯಾಗಿರಲಿ.

ನಿನ್ನ ಅಪ್ಪ

ಇನ್ನೊಂದು ಮಾತು. ಮೊದಲ ದಿನ ಸಂಜೆ ಗೂಟ ಬಡಿಯುವಾಗಲೇ ಅಲಗು ಅಲ್ಲಾಡಿದ್ದು ನನ್ನ ಕೈಗೆ ಗೊತ್ತಾಗಿತ್ತು. ಕಾವಿನ ತಲೆಗೆ ಒಂದು ಬೆಣೆ ಹೊಡೆದಿದ್ದರೆ ಸಾಕಿತ್ತು. ಹೊಡೆದರೆ ನೀನು ನೋಡುತ್ತೀಯ, ನಿನ್ನ ಮುಖ ಚಿಕ್ಕದಾಗುತ್ತದೆ ಎಂದು, ನೀವಿಬ್ಬರೂ ಮಲಗಿದ ಮೇಲೆ ಕೊಡಲಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಕಾವು ಉಬ್ಬಿ ಬಿಗಿಯಾಗಿತ್ತು. ನೀರಿನ ಬಿಗಿ ಬಿಸಿಲಿಗೆ ನಿಲ್ಲುವುದಿಲ್ಲವೆಂದು ನಿನಗೆ ಕಲಿಸಿದವನೇ ನಾನು. ನಿಮ್ಮಮ್ಮ ಆ ಮಾತಾಡಿದಾಗ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕೊಡಲಿಯನ್ನು ಹಳೇ ಸಾಮಾನಿನವನಿಗೆ ಕೊಟ್ಟಿಲ್ಲ, ಮೇಜಿನ ಮೇಲಿದೆ. ನಾಳೆ ಬೆಳಿಗ್ಗೆ ಅಂಚೆಗೆ ಹಾಕುವ ಮೊದಲು ಈ ಕಾಗದವನ್ನು ಓದಲು ನಿಮ್ಮಮ್ಮನ ಕೈಗೆ ಕೊಡುತ್ತೇನೆ.